ಮೊದಲ ಸಲ ಥೆರಪಿಸ್ಟ್ ಹತ್ತಿರ ಹೋಗುತ್ತಿದ್ದೀರಾ? ಇದನ್ನೊಮ್ಮೆ ಓದಿ

ಮನಸ್ಸಿನ ತೊಂದರೆಗೆ ಮಾತಿನ ಚಿಕಿತ್ಸೆ ಕೊಡುವ ಥೆರಪಿಸ್ಟ್ ಅಪಾಯಿಂಟ್‌ಮೆಂಟ್ ಸಿಕ್ಕ ಮೇಲೆ ಶುರುವಾಗುವ ಚಿಂತೆ ಒಂದೇ: ಅಲ್ಲಿ ಹೋಗಿ ಏನಂತ ಹೇಳುವುದು? ಬುಕ್ ಮಾಡುವಾಗ ಇದ್ದ ಧೈರ್ಯ ಹಿಂದಿನ ರಾತ್ರಿ ಇರುವುದಿಲ್ಲ. ಎಲ್ಲಿಂದ ಶುರು ಮಾಡಬೇಕು, ಮದುವೆಯಿಂದಲೋ, ಅಪ್ಪ ತೀರಿಹೋದಾಗಿನಿಂದಲೋ, ಪಿಯುಸಿ ಫೇಲಾದಾಗಿನಿಂದಲೋ ಎಂದು ಹೊರಳಾಡಿ ಹೊರಳಾಡಿ, ಬೆಳಗ್ಗೆ ಎದ್ದು 'ಇವತ್ತು ಆಗಲ್ಲ, ಇನ್ನೊಂದು ದಿನ ಬರ್ತೀನಿ' ಅಂತ ಮೆಸೇಜ್ ಹಾಕಿಬಿಡುವವರು ತುಂಬಾ ಜನ ಇದ್ದಾರೆ. ಆ ಇನ್ನೊಂದು ದಿನ ಎಷ್ಟೋ ಸಲ ಬರುವುದೇ ಇಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮೊದಲ ದಿನ ಇಡೀ ಜೀವನದ ಕಥೆ ಹೇಳಬೇಕಾಗಿಲ್ಲ. ಅದನ್ನು ಚೆನ್ನಾಗಿ ಜೋಡಿಸಿ ಹೇಳುವುದಂತೂ ಬೇಕೇ ಇಲ್ಲ. ಕಳೆದ ಕೆಲವು ವಾರಗಳಲ್ಲಿ ನಿಮಗೆ ಏನೇನು ಆಗುತ್ತಿದೆ ಅನ್ನುವುದು ಗೊತ್ತಿದ್ದರೆ, ಅವರಿಗೆ ಕೇಳಬೇಕಾದ ನಾಲ್ಕು ಪ್ರಶ್ನೆ ಕೈಯಲ್ಲಿದ್ದರೆ, ಅಷ್ಟು ಸಿದ್ಧತೆ ಸಾಕು. ಮಿಕ್ಕಿದ್ದನ್ನು ಹೊರಗೆ ತರುವುದು ಅವರ ಕೆಲಸ. ಅದಕ್ಕೇ ಅವರು ವರ್ಷಗಟ್ಟಲೆ ಓದಿರುತ್ತಾರೆ.

ಆದರೆ ಹೋಗುವುದಕ್ಕೆ ಮುಂಚೆ, ಯಾರ ಹತ್ತಿರ ಹೋಗುತ್ತಿದ್ದೀರಿ ಅನ್ನುವುದು ಸ್ಪಷ್ಟ ಇರಬೇಕು. ಇಲ್ಲಿ ಗೊಂದಲ ಜಾಸ್ತಿ. ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಮುಗಿಸಿ ಮನೋವೈದ್ಯಕೀಯದಲ್ಲಿ ಎಂ.ಡಿ. ಅಥವಾ ಅದಕ್ಕೆ ಸಮನಾದ ಓದು ಮಾಡಿರುವ ಡಾಕ್ಟರ್. ಮಾತ್ರೆ ಬರೆಯುವುದು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ. ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ, ಪರೀಕ್ಷೆಗಳನ್ನೂ ಮಾಡುತ್ತಾರೆ. ಇವರು 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿರಬೇಕು. ಎಲ್ಲರೂ ಆರ್‌ಸಿಐ ಎಂದು ಕರೆಯುವುದು ಇದನ್ನೇ. ಆ ನೋಂದಣಿ ಸಂಖ್ಯೆ ಕೇಳಿದರೆ ಒಳ್ಳೆಯ ಸೈಕಾಲಜಿಸ್ಟ್ ಬೇಜಾರು ಮಾಡಿಕೊಳ್ಳುವುದಿಲ್ಲ. ಇನ್ನು ಕೌನ್ಸೆಲರ್, ಆಪ್ತಸಮಾಲೋಚಕರು ಅನ್ನುವ ಬೋರ್ಡು ಇದೆಯಲ್ಲ, ಅದರ ಹಿಂದೆ ಎಂ.ಎಸ್ಸಿ. ಸೈಕಾಲಜಿ ಓದಿ ಚೆನ್ನಾಗಿ ತರಬೇತಿ ಪಡೆದವರೂ ಇರುತ್ತಾರೆ, ವಾರಾಂತ್ಯದ ಸರ್ಟಿಫಿಕೇಟ್ ಹಿಡಿದು ಕೂತವರೂ ಇರುತ್ತಾರೆ. ಹಾಗಾಗಿ ಏನು ಓದಿದ್ದೀರಿ, ಎಲ್ಲಿ ಕೆಲಸ ಮಾಡಿದ್ದೀರಿ ಎಂದು ಫೋನಿನಲ್ಲೇ ಕೇಳಿ. ಸಂಕೋಚ ಬೇಡ.

ಕೆಲವು ಸಂದರ್ಭಗಳಲ್ಲಿ ಮೊದಲು ಮನೋವೈದ್ಯರ ಹತ್ತಿರವೇ ಹೋಗಬೇಕು. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಯಾರೂ ಇಲ್ಲದಾಗ ಯಾರೋ ಮಾತಾಡಿದ ಹಾಗೆ ಕೇಳಿಸುತ್ತಿದ್ದರೆ, ಒಂದು ದಿನ ಕುಡಿಯದಿದ್ದರೆ ಕೈ ನಡುಗಿ ಬೆವರುತ್ತಿದ್ದರೆ, ಸಾಯುವ ಯೋಚನೆ ಮತ್ತೆ ಮತ್ತೆ ಬರುತ್ತಿದ್ದರೆ ಅಪಾಯಿಂಟ್‌ಮೆಂಟ್ ದಿನದವರೆಗೂ ಕಾಯಬೇಡಿ. 14416 ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ಕ್ಷಣವೇ ಜೀವಕ್ಕೆ ಅಪಾಯ ಅನ್ನಿಸಿದರೆ 112ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.

ಇದೆಲ್ಲ ಬೆಂಗಳೂರಿನವರ ಫ್ಯಾಷನ್ ಎಂದು ನಮ್ಮ ಕಡೆ ಈಗಲೂ ಹೇಳುತ್ತಾರೆ. ಮೈಸೂರಿನ ಮಟ್ಟಿಗಂತೂ ಈ ಮಾತು ತಪ್ಪು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಗಿದ್ದು 1924ರಲ್ಲಿ. ಅದನ್ನು ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ತಮ್ಮ ಮನೆಯಿಂದ ಆಕಾಶವಾಣಿ ಅನ್ನುವ ರೇಡಿಯೊ ಕೇಂದ್ರ ಶುರು ಮಾಡಿದವರು. ನೂರು ವರ್ಷದಿಂದ ಮನಸ್ಸಿನ ಬಗ್ಗೆ ಪಾಠ ಹೇಳುತ್ತಿರುವ ಊರು ಇದು. ಇವತ್ತು ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ, ಜೆಎಸ್ಎಸ್ ಆಸ್ಪತ್ರೆಯಲ್ಲಿದೆ, ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿದೆ. ಮಾನಸಗಂಗೋತ್ರಿ ಪಕ್ಕದ ವಾಕ್ ಶ್ರವಣ ಸಂಸ್ಥೆಯಲ್ಲೂ ಕ್ಲಿನಿಕಲ್ ಸೈಕಾಲಜಿ ವಿಭಾಗ ಇದೆ. ಮಕ್ಕಳ ಮಾತು, ಕಲಿಕೆ, ನಡವಳಿಕೆಯ ತೊಂದರೆ ಇದ್ದವರಿಗೆ ಅದು ಬಹಳ ಉಪಯೋಗ. ತಾಲೂಕಿನವರು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ನಿಮ್ಮ ತಾಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತದೆ ಎಂದು ಅಲ್ಲಿಯೇ ವಿಚಾರಿಸಿ. ದುಡ್ಡಿನ ತಾಪತ್ರಯ ಇರುವವರು ಸರ್ಕಾರಿ ಒಪಿಡಿಯಿಂದಲೇ ಶುರು ಮಾಡಬಹುದು. ಒಂದು ಮಾತು ಮಾತ್ರ ನೆನಪಿರಲಿ, ಒಪಿಡಿಯಲ್ಲಿ ರಶ್ ಇರುತ್ತದೆ, ಮೊದಲ ದಿನ ನಿಮಗೆ ಸಿಗುವ ಸಮಯ ಕಡಿಮೆ. ಅಂಥ ಕಡೆ ಈಗ ಹೇಳುವ ಕೆಲಸ ಇನ್ನೂ ಮುಖ್ಯ.

ಒಂದು ಹಾಳೆ ತಗೊಳ್ಳಿ. ಒಂದೇ. ಅದರಲ್ಲಿ ನಿಮಗೆ ಬಂದಿರುವ ಕಾಯಿಲೆಯ ಹೆಸರು ಬರೆಯಬೇಡಿ, ನಿಮಗೆ ಆಗುತ್ತಿರುವುದನ್ನು ಬರೆಯಿರಿ. 'ನನಗೆ ಡಿಪ್ರೆಶನ್' ಎಂದು ಬರೆದರೆ ಅವರಿಗೆ ಗೊತ್ತಾಗುವುದು ಕಡಿಮೆ. ಒಬ್ಬರಿಗೆ ಡಿಪ್ರೆಶನ್ ಅಂದರೆ ಅಳು, ಇನ್ನೊಬ್ಬರಿಗೆ ಅಳುವೇ ಬಾರದಿರುವುದು, ಮತ್ತೊಬ್ಬರಿಗೆ ಸುಮ್ನೆ ಮನೆಯವರ ಮೇಲೆಲ್ಲ ರೇಗುವುದು. ಉದಾಹರಣೆಗೆ, ನಾಗಮಂಗಲದ ಕಡೆಯ ಒಬ್ಬ ಹುಡುಗಿ, ಮೈಸೂರಿನ ಪಿಜಿಯಲ್ಲಿದ್ದುಕೊಂಡು ಕೆಲಸಕ್ಕೆ ಹೋಗುತ್ತಾಳೆ ಎಂದಿಟ್ಟುಕೊಳ್ಳಿ. ಅವಳ ಹಾಳೆ ಹೀಗಿರಬಹುದು:

'11ಕ್ಕೆ ಮಲಗುತ್ತೇನೆ, 3ಕ್ಕೆ ಎಚ್ಚರ ಆಗುತ್ತೆ, ಆಮೇಲೆ ನಿದ್ದೆ ಇಲ್ಲ. ದೀಪಾವಳಿ ಆದಮೇಲಿಂದ ಹೀಗೆ. ರಾತ್ರಿ ಊಟ ಸೇರಲ್ಲ. ಫೋನಲ್ಲಿ ಮ್ಯಾನೇಜರ್ ಹೆಸರು ಕಂಡರೆ ಎದೆ ಡವಡವ, ಕೈ ತಣ್ಣಗೆ. ಅಮ್ಮ ಫೋನ್ ಮಾಡಿದರೆ ಎತ್ತಲ್ಲ, ಕಟ್ಟಾದ ಮೇಲೆ ಅಳು ಬರುತ್ತೆ. ಥೈರಾಯ್ಡ್ ಮಾತ್ರೆ ಇದೆ, ಎಷ್ಟೋ ದಿನ ಮರೆಯುತ್ತೇನೆ. ದೊಡ್ಡಪ್ಪ ಒಬ್ಬರು ಹೀಗೇ ಇದ್ದರಂತೆ, ಮನೇಲಿ ಆ ವಿಷಯ ಯಾರೂ ಎತ್ತಲ್ಲ. ನನಗೆ ನಿದ್ದೆ ಬರಬೇಕು. ಈ ಕೆಲಸ ಬಿಡಬೇಕೋ ಬೇಡವೋ ಗೊತ್ತಾಗಬೇಕು.'

ಇಷ್ಟೇ. ಇದರಲ್ಲಿ ಒಂದು ಸಾಲೂ ವ್ಯರ್ಥ ಇಲ್ಲ. ನಿದ್ದೆ ಬರಲು ತಡವಾಗುವುದು ಒಂದು, ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು ಇನ್ನೊಂದು. ಎರಡನೆಯದು ಖಿನ್ನತೆಯಲ್ಲಿ ಕಾಣುವ ಲಕ್ಷಣ, ಹಾಗಾಗಿ ಗಂಟೆ ಬರೆದಿರುವುದು ಒಳ್ಳೆಯದಾಯಿತು. ಯಾವಾಗಿನಿಂದ ಅನ್ನುವುದಕ್ಕೆ ತಾರೀಖು ನೆನಪಾಗದಿದ್ದರೆ ಹಬ್ಬ ಹಿಡಿದು ಹೇಳಿ, ಕಬ್ಬು ಕಡಿದಾಗಿನಿಂದ ಎಂದರೂ ಆಗುತ್ತದೆ. ಥೈರಾಯ್ಡ್ ಸಾಲು ನೋಡಿ. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಸುಸ್ತು, ಮಂಕು, ಬೇಜಾರು ಎಲ್ಲ ಬರುತ್ತದೆ. ಬಿ12 ಕಡಿಮೆಯಾದರೂ, ರಕ್ತ ಕಡಿಮೆಯಾದರೂ ಹೆಚ್ಚುಕಡಿಮೆ ಹಾಗೇ. ಮಾತ್ರೆ ಮರೆಯುತ್ತಿದ್ದಾಳೆ ಎಂದು ಗೊತ್ತಾಗದೆ ಬರೀ ಮಾತಿನ ಚಿಕಿತ್ಸೆ ಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ಉಳಿಯುತ್ತದೆ. ದೊಡ್ಡಪ್ಪನ ವಿಷಯವೂ ಮುಖ್ಯ. ಕೆಲವು ಮಾನಸಿಕ ಕಾಯಿಲೆಗಳ ಸಾಧ್ಯತೆ ರಕ್ತಸಂಬಂಧದಲ್ಲಿ ಸ್ವಲ್ಪ ಹೆಚ್ಚಿರುತ್ತದೆ. ಹಾಗಂತ ದೊಡ್ಡಪ್ಪನಿಗೆ ಆಗಿದ್ದು ಇವಳಿಗೂ ಆಗೇ ಆಗುತ್ತದೆ ಎಂದಲ್ಲ, ಡಾಕ್ಟರ್ ಯಾವ ಕಡೆ ನೋಡಬೇಕು ಅನ್ನುವುದಕ್ಕೆ ಒಂದು ಸುಳಿವು ಅಷ್ಟೇ.

ನನ್ನ ಪ್ರಕಾರ ಆ ಹಾಳೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಕೊನೆಯ ಎರಡು ಸಾಲು. ಥೆರಪಿಸ್ಟ್ ಮೊದಲ ದಿನ ಕೇಳಿಯೇ ಕೇಳುತ್ತಾರೆ, 'ಇಲ್ಲಿಗೆ ಬರುವುದರಿಂದ ಏನಾಗಬೇಕು ಅಂತ ನಿಮ್ಮ ಆಸೆ?' ಜಾಸ್ತಿ ಜನ ಇಲ್ಲಿ ತಡವರಿಸುತ್ತಾರೆ. 'ಖುಷಿಯಾಗಿರಬೇಕು' ಅನ್ನುತ್ತಾರೆ. ಅದು ತಪ್ಪಲ್ಲ, ಆದರೆ ಮೂರು ತಿಂಗಳಾದ ಮೇಲೆ ಆಯಿತೋ ಇಲ್ಲವೋ ಎಂದು ಅಳೆಯುವುದಕ್ಕೆ ಬರುವುದಿಲ್ಲ. 'ಬೆಳಗ್ಗೆ 6ರವರೆಗೆ ಮಲಗಬೇಕು', 'ಅತ್ತೆ ಎದುರು ಮಾತಾಡುವಾಗ ಗಂಟಲು ಕಟ್ಟಬಾರದು', 'ಬಸ್ ಹತ್ತುವುದಕ್ಕೆ ಭಯ ಆಗಬಾರದು' ಇಂಥದ್ದಾದರೆ ಇಬ್ಬರಿಗೂ ದಾರಿ ಕಾಣುತ್ತದೆ.

ಹಾಳೆಯ ಜೊತೆಗೆ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಫೋಟೊ ಇರಲಿ, ಸ್ಟ್ರಿಪ್ಪಿನ ಹಿಂಭಾಗದ ಹೆಸರು ಕಾಣುವ ಹಾಗೆ. ಬಿಪಿ, ಶುಗರ್, ನಾಟಿ ಔಷಧಿ, ಮೆಡಿಕಲ್ ಶಾಪಿನವರು ಕೊಟ್ಟ ನಿದ್ದೆ ಮಾತ್ರೆ, ಎಲ್ಲಾ. ಹಳೆಯ ರಿಪೋರ್ಟ್‌ಗಳನ್ನೂ ಇಟ್ಟುಕೊಳ್ಳಿ. ನಮ್ಮ ಕಡೆ ಮನಸ್ಸಿನ ತೊಂದರೆ ಮೊದಲು ಹೊಟ್ಟೆಗೋ ಎದೆಗೋ ಬರುತ್ತದೆ. ಗ್ಯಾಸ್ಟ್ರಿಕ್ ಇರಬೇಕು ಎಂದು ಮಾತ್ರೆ ನುಂಗಿ, ಹಾರ್ಟ್ ಅಟ್ಯಾಕ್ ಎಂದು ಹೆದರಿ ರಾತ್ರೋರಾತ್ರಿ ಇಸಿಜಿ ಮಾಡಿಸಿ, ಎಲ್ಲ ನಾರ್ಮಲ್ ಎಂದು ಮನೆಗೆ ಬಂದವರು ಎಷ್ಟು ಜನ ಅಲ್ವಾ. ಆ ನಾರ್ಮಲ್ ಇಸಿಜಿ ತುಂಬಾ ಕೆಲಸಕ್ಕೆ ಬರುವ ಕಾಗದ. ತೆಗೆದುಕೊಂಡು ಹೋಗಿ. ಕುಡಿಯುವುದು, ಸಿಗರೇಟು, ಗುಟ್ಕಾ ಎಷ್ಟು ಅನ್ನುವುದನ್ನು ಇದ್ದದ್ದು ಇದ್ದ ಹಾಗೆ ಹೇಳಿ. ಶಾಸ್ತ್ರ ಕೇಳಿಸಿದ್ದು, ತಾಯಿತ ಕಟ್ಟಿಸಿದ್ದು, ದೇವಸ್ಥಾನಕ್ಕೆ ಹರಕೆ ಹೊತ್ತದ್ದು, ಅದನ್ನೂ ಮುಚ್ಚಿಡಬೇಡಿ. ಮನೆಯವರು ಇದನ್ನು ಹೇಗೆ ನೋಡುತ್ತಿದ್ದಾರೆ ಎಂದು ಅದರಿಂದ ಗೊತ್ತಾಗುತ್ತದೆ. ಅದಕ್ಕೆ ನಿಮ್ಮನ್ನು ಹೀಯಾಳಿಸುವವರಾದರೆ ಅವರು ನಿಮಗೆ ಬೇಡ.

ಈಗ ಒಳಗೆ ಏನಾಗುತ್ತದೆ ನೋಡೋಣ. ಸಾಮಾನ್ಯವಾಗಿ 45 ನಿಮಿಷದಿಂದ ಒಂದು ಗಂಟೆ. ಸೋಫಾ ಮೇಲೆ ಮಲಗಿಸಿ ಕಣ್ಣು ಮುಚ್ಚಿ ಎನ್ನುವುದೆಲ್ಲ ಸಿನಿಮಾದಲ್ಲಿ. ಎರಡು ಕುರ್ಚಿ, ಒಂದು ಟೇಬಲ್, ಟಿಶ್ಯೂ ಡಬ್ಬ, ಇಷ್ಟೇ. ಮೊದಲು ಒಂದು ಫಾರಂ ಕೊಡುತ್ತಾರೆ, ಹೆಸರು, ವಯಸ್ಸು, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಅನ್ನುವುದು, ಚಿಕಿತ್ಸೆಗೆ ನಿಮ್ಮ ಒಪ್ಪಿಗೆ. ಸಹಿ ಹಾಕುವ ಮುಂಚೆ ಓದಿ, ಇಂಗ್ಲಿಷಲ್ಲಿದ್ದು ಅರ್ಥ ಆಗದಿದ್ದರೆ ಓದಿ ಹೇಳಿ ಎಂದು ಕೇಳಿ. ಕೆಲವರು ಟಿಕ್ ಹಾಕುವ ಪ್ರಶ್ನೆಪತ್ರಿಕೆ ಕೊಡುತ್ತಾರೆ. ಖಿನ್ನತೆಗೆ ಇರುವ ಪಿಎಚ್‌ಕ್ಯೂ-9 ಅನ್ನುವುದರಲ್ಲಿ 9 ಪ್ರಶ್ನೆ, ಕಳೆದ ಎರಡು ವಾರದ ಬಗ್ಗೆ ಮಾತ್ರ, ಅಂಕ 0ಯಿಂದ 27. ಆತಂಕಕ್ಕೆ ಜಿಎಡಿ-7 ಅಂತ ಇದೆ, 7 ಪ್ರಶ್ನೆ. ಇದು ಪರೀಕ್ಷೆ ಅಲ್ಲ, ಪಾಸು ಫೇಲು ಇಲ್ಲ. ಅಂಕ ಜಾಸ್ತಿ ಬಂದ ಮಾತ್ರಕ್ಕೆ ಕಾಯಿಲೆ ಖಚಿತ ಆಗುವುದೂ ಇಲ್ಲ. ಇವತ್ತು ಎಷ್ಟಿತ್ತು, ಎಂಟು ವಾರ ಬಿಟ್ಟು ಎಷ್ಟಾಯಿತು ಎಂದು ಹೋಲಿಸಿ ನೋಡಲು ಅದು ಬಹಳ ಸಹಾಯ ಮಾಡುತ್ತದೆ.

ಒಂದು ಪ್ರಶ್ನೆಗೆ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ. 'ಸಾಯಬೇಕು ಅಂತ ಯಾವಾಗಲಾದರೂ ಅನ್ನಿಸಿದೆಯಾ?' ಎಲ್ಲರಿಗೂ ಕೇಳುತ್ತಾರೆ. ನಿಮ್ಮ ಮುಖ ನೋಡಿ ಅನುಮಾನ ಬಂದು ಕೇಳಿದ್ದಲ್ಲ. ಹೌದು ಎಂದರೆ ತಕ್ಷಣ ಆಸ್ಪತ್ರೆಗೆ ಸೇರಿಸಿಬಿಡುತ್ತಾರೆ ಅನ್ನುವ ಭಯ ಬೇಡ. ಸುಮ್ನೆ ಒಂದು ಯೋಚನೆ ಬಂದು ಹೋಗುವುದಕ್ಕೂ, ಹೇಗೆ ಯಾವಾಗ ಎಂದು ತಯಾರಿ ಮಾಡಿಕೊಳ್ಳುವುದಕ್ಕೂ ವ್ಯತ್ಯಾಸ ಇದೆ, ಆ ವ್ಯತ್ಯಾಸ ತಿಳಿಯಲೆಂದೇ ಅವರು ಇನ್ನಷ್ಟು ಕೇಳುತ್ತಾರೆ. ಹಿಂದೆ ಪ್ರಯತ್ನ ಮಾಡಿದ್ದರೆ ಅದನ್ನೂ ಹೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ ಬೇರೆ ರೀತಿ ಸಾಬೀತಾಗದ ಹೊರತು ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅದಕ್ಕಾಗಿ ಶಿಕ್ಷೆ ಕೊಡುವ ಹಾಗಿಲ್ಲ. ಪೊಲೀಸ್ ಕೇಸಿಗೆ ಹೆದರಿ ಬಾಯಿ ಮುಚ್ಚಿಕೊಂಡು ಕೂತವರಿಗೆ ಈ ವಿಷಯ ಗೊತ್ತಿರಬೇಕು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಇನ್ನು ಗುಟ್ಟಿನ ವಿಷಯ. ಮಂಡ್ಯದಂಥ ಊರಲ್ಲಿ ಇದೇ ದೊಡ್ಡ ಚಿಂತೆ, ಯಾರ ಮನೆಯ ವಿಷಯ ಆದರೂ ಸಂತೆ ದಿನದೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ. ಅದೇ 2017ರ ಕಾಯ್ದೆ, 2018ರ ಮೇ 29ರಿಂದ ಜಾರಿಯಲ್ಲಿದೆ, ಅದರ 23ನೇ ಕಲಂ ನಿಮ್ಮ ಮಾಹಿತಿ ಗುಟ್ಟಾಗಿರಬೇಕು ಅನ್ನುವ ಹಕ್ಕನ್ನು ಕೊಡುತ್ತದೆ. ನಿಮಗೆ 18 ತುಂಬಿದ್ದರೆ, ಫೀಸು ಅಪ್ಪನೇ ಕಟ್ಟಿದರೂ, ನೀವು ಒಳಗೆ ಹೇಳಿದ್ದನ್ನು ಥೆರಪಿಸ್ಟ್ ಅಪ್ಪನಿಗೆ ಹೇಳುವ ಹಾಗಿಲ್ಲ. ಇದಕ್ಕೂ ಮಿತಿ ಇದೆ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದ್ದರೆ, ಕೋರ್ಟ್ ಆದೇಶ ಬಂದರೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಅವರು ಸುಮ್ಮನಿರುವ ಹಾಗಿಲ್ಲ. ಪೋಕ್ಸೊ ಕಾಯ್ದೆಯಲ್ಲಿ ಕೊನೆಯದನ್ನು ತಿಳಿಸುವುದು ಕಡ್ಡಾಯ. ಒಳ್ಳೆಯ ಥೆರಪಿಸ್ಟ್ ಈ ಮಿತಿಗಳನ್ನು ತಾವಾಗಿಯೇ ಮೊದಲು ಹೇಳುತ್ತಾರೆ. ಹೇಳದಿದ್ದರೆ ನೀವೇ ಕೇಳಿ, 'ನಾನು ಹೇಳೋದು ಯಾರಿಗೆ ಗೊತ್ತಾಗುತ್ತೆ? ನೀವು ಬರೆದುಕೊಳ್ಳೋದು ಎಲ್ಲಿರುತ್ತೆ?'

ಊರಲ್ಲಿ ಯಾರಾದರೂ ನೋಡುತ್ತಾರೆ ಎಂದು ಹಿಂಜರಿಕೆ ಇದ್ದರೆ ಮಂಡ್ಯದವರು ಮೈಸೂರಿಗೆ ಬರಬಹುದು. 45 ಕಿ.ಮೀ. ದೂರ, ರೈಲಿದೆ, ಬಸ್ಸಿದೆ. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿಗೆ ಟಿಕೆಟ್ ದುಡ್ಡೂ ಇಲ್ಲ, ಗುರುತಿನ ಚೀಟಿ ಮರೆಯಬೇಡಿ. ಆನ್‌ಲೈನ್ ಕೂಡ ಇದೆ. ಆದರೆ ಪಕ್ಕದ ರೂಮಿನಲ್ಲಿ ಅತ್ತಿಗೆ ಟಿವಿ ನೋಡುತ್ತಿರುವಾಗ ಮನಸ್ಸು ಬಿಚ್ಚಿ ಮಾತಾಡಲು ಆಗುವುದಿಲ್ಲ. ಬಾಗಿಲು ಹಾಕುವ ಒಂದು ಜಾಗ ಇದ್ದರೆ ಸರಿ, ಇಲ್ಲದಿದ್ದರೆ ನಿಲ್ಲಿಸಿದ ಕಾರೋ, ಗೆಳತಿಯ ರೂಮೋ ನೋಡಿಕೊಳ್ಳಿ. ಇಯರ್‌ಫೋನ್ ಹಾಕಿಕೊಂಡರೆ ಅವರ ಮಾತಾದರೂ ಹೊರಗೆ ಕೇಳುವುದಿಲ್ಲ.

ಮನೆಯಲ್ಲಿ ಹೇಳಬೇಕಾ? ದೊಡ್ಡವರಾಗಿದ್ದರೆ ಕಡ್ಡಾಯ ಏನಿಲ್ಲ. ಹೇಳಿದರೆ ಎಂಥ ಮಾತು ಬರುತ್ತದೆ ಎಂದು ನಿಮಗೇ ಗೊತ್ತು. 'ಅಂತದ್ದೇನಾಗೈತೆ ಕಣವ್ವ ನಿಂಗೆ? ದೃಷ್ಟಿ ತೆಗುದ್ರೆ ಸರಿ ಹೋಯ್ತದೆ, ಹುಚ್ಚಾಸ್ಪತ್ರೆಗೆಲ್ಲ ಹೋಗ್ಬ್ಯಾಡ.' ಇದರಲ್ಲಿ ಇರುವುದು ಭಯ, ಜನ ಏನಂದಾರು ಎಂದು. ಜಗಳಕ್ಕೆ ಹೋಗಬೇಡಿ. 'ಅವ್ವ, ನಂಗೆ ನಿದ್ದೆ ಬರ್ತಿಲ್ಲ, ಅದಕ್ಕೆ ಡಾಕ್ಟ್ರನ್ನ ಕೇಳ್ಕೊಂಡು ಬತ್ತೀನಿ' ಅಂದರೆ ಅದು ಸುಳ್ಳೂ ಅಲ್ಲ, ಅವರಿಗೆ ಅರ್ಥವೂ ಆಗುತ್ತದೆ. ಜೊತೆಗೆ ಬರುತ್ತೇನೆ ಎಂದರೆ ಬರಲಿ, ಹೊರಗೆ ಕೂತಿರಲಿ. ಮನೆಯವರನ್ನು ಒಳಗೆ ಕರೆಯುವ ಮುಂಚೆ ಸ್ವಲ್ಪ ಹೊತ್ತು ನನ್ನ ಹತ್ತಿರ ಮಾತ್ರ ಮಾತಾಡಿ ಎಂದು ಥೆರಪಿಸ್ಟನ್ನು ಕೇಳಬಹುದು. 18ರ ಒಳಗಿನವರಿಗೆ ಮಾತ್ರ ತಂದೆ ತಾಯಿಯ ಒಪ್ಪಿಗೆ ಬೇಕು.

ಭಾಷೆ ಬಗ್ಗೆ ಒಂದು ಮಾತು. ಬುಕ್ ಮಾಡುವಾಗಲೇ ಕನ್ನಡದಲ್ಲಿ ಮಾತಾಡುತ್ತೀರಾ ಎಂದು ಕೇಳಿ. ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್ ಮಾತಾಡುವವರು ಕೂಡ ಅಪ್ಪ ಹೊಡೆದದ್ದನ್ನು ಹೇಳುವಾಗ ಕನ್ನಡಕ್ಕೇ ಬರುತ್ತಾರೆ. ಹೊಟ್ಟೇಲಿ ಸಂಕಟ, ಜೀವ ಹಿಡಿ ಆಗುತ್ತೆ, ತಲೆ ಧಿಮ್ ಅನ್ನುತ್ತೆ, ಯಾವುದರಲ್ಲೂ ಆಸಕ್ತಿ ಇಲ್ಲ ಎಂದು ನಿಮಗೆ ಬರುವ ಹಾಗೆ ಹೇಳಿ.

ನೀವು ಕೇಳಬೇಕಾದದ್ದೂ ಇದೆ. ಒಂದು ಸಲಕ್ಕೆ ಫೀಸು ಎಷ್ಟು, ಬರಲಾಗದಿದ್ದರೆ ಎಷ್ಟು ಮುಂಚೆ ಹೇಳಬೇಕು, ಇಂಥ ತೊಂದರೆಗೆ ನೀವು ಯಾವ ರೀತಿ ಚಿಕಿತ್ಸೆ ಮಾಡುತ್ತೀರಿ, ಸುಮಾರು ಎಷ್ಟು ಸಲ ಬರಬೇಕಾಗಬಹುದು, ಮಧ್ಯೆ ತುಂಬಾ ಕಷ್ಟ ಆದರೆ ವಾಟ್ಸಾಪ್ ಮಾಡಬಹುದಾ. ಫೀಸು ಭಾರ ಅನ್ನಿಸಿದರೆ ಬಾಯಿ ಬಿಟ್ಟು ಹೇಳಿ, ಕೆಲವರು ಕಡಿಮೆ ಮಾಡುತ್ತಾರೆ, ಕೆಲವರು ವಾರಕ್ಕೊಮ್ಮೆ ಬದಲು ಹದಿನೈದು ದಿನಕ್ಕೊಮ್ಮೆ ಬನ್ನಿ ಅನ್ನುತ್ತಾರೆ. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಷ್ಟೇ ವಿಮೆ ಕೊಡಬೇಕು ಎಂದು ಕಾನೂನು ಇದೆ. ಆದರೆ ಎಷ್ಟೋ ಪಾಲಿಸಿಗಳು ಆಸ್ಪತ್ರೆಗೆ ಸೇರಿದರೆ ಮಾತ್ರ ದುಡ್ಡು ಕೊಡುತ್ತವೆ, ಹೊರರೋಗಿಯ ಖರ್ಚು ಬರುತ್ತದಾ ಎಂದು ನಿಮ್ಮ ಪಾಲಿಸಿ ತೆಗೆದು ನೋಡಿ.

ಹೇಳಲಾಗದ್ದನ್ನು ಹೇಳಬೇಕಾಗಿಲ್ಲ. 'ಈ ವಿಷಯ ಇದೆ, ಆದರೆ ಇವತ್ತು ಬೇಡ' ಅಂದರೆ ಸಾಕು. ಅಳು ಬಂದರೆ ಅತ್ತುಬಿಡಿ. ಮಾತು ಹೊರಡದಿದ್ದರೆ ಆ ಹಾಳೆಯನ್ನೇ ಅವರ ಕೈಗೆ ಕೊಡಿ, ಓದಿಕೊಂಡು ಅವರೇ ಶುರು ಮಾಡುತ್ತಾರೆ. ಮುಗಿಯುವ ಮುಂಚೆ ಒಂದು ಐದು ನಿಮಿಷ ಉಳಿಸಿಕೊಂಡು ಕೇಳಿ, 'ನಾನು ಹೇಳಿದ್ದರಿಂದ ನಿಮಗೆ ಏನು ಅರ್ಥ ಆಯಿತು? ಮುಂದೇನು ಮಾಡೋಣ?' ಅವರ ಉತ್ತರದಲ್ಲಿ ನೀವು ಹೇಳಿದ್ದು ನಿಮಗೇ ಗುರುತು ಸಿಗಬೇಕು. ಆ ದಿನ ಸಂಜೆ ಬೇರೆ ದೊಡ್ಡ ಕೆಲಸ ಇಟ್ಟುಕೊಳ್ಳಬೇಡಿ. ತಲೆ ಭಾರ, ಸುಸ್ತು, ಎಲ್ಲಾ ಯಾಕಾದರೂ ಹೇಳಿದೆನೋ ಅನ್ನುವ ಕಸಿವಿಸಿ ಬರಬಹುದು. ವರ್ಷಗಳಿಂದ ಕಟ್ಟಿಟ್ಟಿದ್ದ ಗಂಟು ಬಿಚ್ಚಿದ್ದೀರಿ, ಎರಡು ದಿನ ಹಾಗೇ ಇರುತ್ತದೆ.

ಮೊದಲ ಸಲಕ್ಕೇ ಆರಾಮ ಆಗುತ್ತದೆ ಎಂದು ನಿರೀಕ್ಷೆ ಬೇಡ. ಇವರ ಹತ್ತಿರ ಮಾತಾಡಬಹುದು ಅನ್ನಿಸುತ್ತದಾ ಎಂದು ಮಾತ್ರ ನೋಡಿ, ಅದಕ್ಕೂ ಎರಡು ಮೂರು ಸಲ ಬೇಕಾಗಬಹುದು. ಆದರೆ ಜಾತಿ, ಧರ್ಮ, ನಿಮ್ಮ ಪ್ರೀತಿ, ಬಟ್ಟೆ ಬಗ್ಗೆ ತೀರ್ಪು ಕೊಡುವವರು, 'ಮದುವೆ ಆಗಿ ಎಲ್ಲ ಸರಿಹೋಗುತ್ತೆ' ಅನ್ನುವವರು, ಇಷ್ಟು ದಿನದಲ್ಲಿ ಗ್ಯಾರಂಟಿ ಗುಣ ಅನ್ನುವವರು, ತಮ್ಮದೇ ಪುಡಿ ಎಣ್ಣೆ ಮಾರುವವರು, ಮೈ ಮುಟ್ಟುವವರು, ಇಂಥವರ ಹತ್ತಿರ ಎರಡನೇ ಸಲ ಹೋಗಬೇಡಿ. ಇಂಥದ್ದೇನೂ ಇಲ್ಲದೆ ಸುಮ್ನೆ ಹೊಂದಿಕೆ ಆಗದೆಯೂ ಇರಬಹುದು. ಆಗ 'ಮೇಡಂ, ನನಗೆ ಬೇರೆಯವರನ್ನು ನೋಡಬೇಕು ಅನ್ನಿಸುತ್ತಿದೆ, ಯಾರಾದರೂ ಗೊತ್ತಿದ್ದರೆ ಹೇಳಿ' ಎಂದು ಒಂದು ಮೆಸೇಜ್ ಸಾಕು, ಕಾರಣ ಕೊಡಬೇಕಾಗಿಲ್ಲ. ಎಷ್ಟೋ ಥೆರಪಿಸ್ಟ್‌ಗಳು ತಾವೇ ಇನ್ನೊಬ್ಬರ ನಂಬರ್ ಕೊಡುತ್ತಾರೆ. ಹೊಸಬರ ಹತ್ತಿರ ಹೋಗುವಾಗ ಅದೇ ಹಾಳೆ ತೆಗೆದುಕೊಂಡು ಹೋಗಿ, ಹಿಂದಿನ ಕಡೆ ಏನು ಸರಿಹೋಗಲಿಲ್ಲ ಅನ್ನುವ ಒಂದು ಸಾಲು ಕೆಳಗೆ ಸೇರಿಸಿ.